ತಯಾರಾದ ಪ್ರೋಟೀನು ಉಳಿಯದೆ ಹೋಗುವುದೇಕೆ? ಮೆನ್-1 ಕಾಯಿಲೆಯ ಕುರಿತು ಶಿರಸಿಯ ಓದುಗರಿಗೆ ಉತ್ತರ

ಪ್ರಶ್ನೆ: ನಾನು ಶಿರಸಿ ತಾಲ್ಲೂಕಿನವನು. ನನ್ನ ತಂದೆಯವರಿಗೆ ಬಹಳ ವರ್ಷಗಳಿಂದ ಕಿಡ್ನಿ ಕಲ್ಲಿನ ತೊಂದರೆ. ಬಾವಿಯ ನೀರಿನ ದೋಷವೆಂದೇ ಮನೆಯಲ್ಲಿ ಎಲ್ಲರೂ ನಂಬಿದ್ದೆವು. ಕೊನೆಗೆ ರಕ್ತದ ಕ್ಯಾಲ್ಸಿಯಂ ನಿಯಂತ್ರಿಸುವ, ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಯೊಂದನ್ನು ಶಸ್ತ್ರಚಿಕಿತ್ಸೆ ಮಾಡಿ ತೆಗೆದರು, ಆದರೆ ಕೆಲವು ವರ್ಷಗಳಲ್ಲಿ ರಕ್ತದ ಕ್ಯಾಲ್ಸಿಯಂ ಮತ್ತೆ ಏರಿತು. ಕಾರವಾರದಲ್ಲಿರುವ ಅಕ್ಕನಿಗೆ ಪಿಟ್ಯುಟರಿ ಗ್ರಂಥಿಯಲ್ಲಿ ಪ್ರೊಲ್ಯಾಕ್ಟಿನ್ ಗಡ್ಡೆ ಇದೆ. ಈಗ ಜೀನ್ ಪರೀಕ್ಷೆ ಮಾಡಿಸಿದಾಗ ತಂದೆಗೆ, ಅಕ್ಕನಿಗೆ ಮತ್ತು ನನಗೆ ಎಂಇಎನ್1 ಜೀನಿನಲ್ಲಿ ಮಿಸ್‌ಸೆನ್ಸ್ ಮ್ಯುಟೇಶನ್ ಇದೆಯೆಂದು ಬಂದಿದೆ. "ನಿಮ್ಮಲ್ಲಿ ಪ್ರೋಟೀನು ತಯಾರಾಗುತ್ತದೆ, ಆದರೆ ಕಿಣ್ವಗಳು ಅದನ್ನು ಬೇಗ ಒಡೆದುಹಾಕುತ್ತವೆ" ಎಂದು ವೈದ್ಯರು ಹೇಳಿದರು. ಆ ಕಿಣ್ವಗಳು ಯಾವುವು, ಅವು ಹೀಗೇಕೆ ಮಾಡುತ್ತವೆ, ಅವನ್ನು ತಡೆಯುವ ಔಷಧ ಇದೆಯೇ? ಒಂದೇ ಅಕ್ಷರದ ವ್ಯತ್ಯಾಸವಾದ್ದರಿಂದ ನಮ್ಮ ಕಾಯಿಲೆ ಸೌಮ್ಯವೇ? ಒಂಬತ್ತು ವರ್ಷದ ಮಗಳಿಗೆ ಈಗಲೇ ಪರೀಕ್ಷೆ ಬೇಕೇ? ಚಿಕ್ಕಪ್ಪನ ಮಗನಿಗೂ ಬೇರೆ ಪ್ರಯೋಗಾಲಯದಲ್ಲಿ ಇದೇ ಪರೀಕ್ಷೆಯಾಗಿ, "ಅರ್ಥ ಸ್ಪಷ್ಟವಿಲ್ಲದ ವ್ಯತ್ಯಾಸ" ಎಂದು ವರದಿ ಬಂದಿದೆ. ಅದನ್ನು ಹೇಗೆ ತಿಳಿಯಬೇಕು?

ಉತ್ತರ: ನಿಮ್ಮ ವೈದ್ಯರು ಹೇಳಿದ ಮಾತು ಸರಿಯಾಗಿದೆ, ಮತ್ತು ಅದು ಈ ಕಾಯಿಲೆಯ ಬಗ್ಗೆ ಕಳೆದ ಎರಡು ದಶಕಗಳಲ್ಲಿ ತಿಳಿದುಬಂದ ಮುಖ್ಯ ಸಂಗತಿಗಳಲ್ಲಿ ಒಂದು. ಮಿಸ್‌ಸೆನ್ಸ್ ಮ್ಯುಟೇಶನ್ (ಜೀನಿನ ಒಂದು ಅಕ್ಷರ ಬದಲಾಗಿ ಪ್ರೋಟೀನಿನ ಒಂದು ಕೊಂಡಿ ಮಾತ್ರ ಬದಲಾಗುವ ದೋಷ) ಇರುವ ಅನೇಕ ಕುಟುಂಬಗಳಲ್ಲಿ ಗಡ್ಡೆಯನ್ನು ತಡೆಯಬೇಕಾದ ಪ್ರೋಟೀನು ಕೆಲಸಕ್ಕೆ ಬಾರದ್ದಾಗಿರುವುದಕ್ಕಿಂತ ಹೆಚ್ಚಾಗಿ, ಕೆಲಸಕ್ಕೆ ಬೇಕಾದಷ್ಟು ಪ್ರಮಾಣದಲ್ಲಿ ಉಳಿದಿರುವುದಿಲ್ಲ. ಈ ತಿಳಿವಳಿಕೆ ಮುಂದೊಂದು ದಿನ ಔಷಧಕ್ಕೆ ದಾರಿಯಾಗಬಹುದೆಂದು ನಾನು ನಂಬಿದ್ದೇನೆ. ಇಂದು ನೀವು ಮಾಡಿಸಬೇಕಾದ ತಪಾಸಣೆಯಲ್ಲಿ ಮಾತ್ರ ಇದರಿಂದ ಯಾವ ರಿಯಾಯಿತಿಯೂ ಸಿಗುವುದಿಲ್ಲ. ಈ ಎರಡೂ ಮಾತುಗಳನ್ನು ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಬೇಕೆಂದು ಕೋರುತ್ತೇನೆ.

ಮೊದಲಿಗೆ ಮೆನ್-1 ಎಂಬ ಈ ಕಾಯಿಲೆಯ ಹಿನ್ನೆಲೆ. ಹಲವು ನಿರ್ನಾಳ ಗ್ರಂಥಿಗಳಲ್ಲಿ ಗಡ್ಡೆಗಳು ಒಂದೇ ಮನೆತನದಲ್ಲಿ ತಲೆಮಾರಿನಿಂದ ತಲೆಮಾರಿಗೆ ಬರುವುದನ್ನು 1954ರಲ್ಲಿ ಪಾಲ್ ವೆರ್ಮರ್ ಎಂಬ ವೈದ್ಯರು ವಿವರಿಸಿದರು. ಅದಕ್ಕೆ ಕಾರಣವಾದ ಎಂಇಎನ್1 ಜೀನು 11ನೇ ಕ್ರೋಮೋಸೋಮಿನಲ್ಲಿದೆ ಎಂಬುದು ಮುಂದೆ ಗೊತ್ತಾಗಿ, 1997ರಲ್ಲಿ ಜೀನೇ ಕೈಗೆ ಸಿಕ್ಕಿತು. ಅದು ತಯಾರಿಸುವ ಪ್ರೋಟೀನಿಗೆ ಮೆನಿನ್ ಎಂದು ಹೆಸರಿಟ್ಟರು. 610 ಅಮೈನೊ ಆಮ್ಲಗಳ ಈ ಪ್ರೋಟೀನು ಹೆಚ್ಚಾಗಿ ಜೀವಕೋಶದ ಕೇಂದ್ರದಲ್ಲಿದ್ದು, ಪ್ಯಾರಾಥೈರಾಯ್ಡ್, ಮೇದೋಜೀರಕದ ಹಾರ್ಮೋನು ಕೋಶಗಳು ಮತ್ತು ಪಿಟ್ಯುಟರಿ ಇವು ಅಳತೆ ಮೀರಿ ಬೆಳೆಯದಂತೆ ನೋಡಿಕೊಳ್ಳುತ್ತದೆ. ಕಾಯಿಲೆ ಅಪರೂಪದ್ದು, ಸುಮಾರು ಮೂವತ್ತು ಸಾವಿರ ಜನರಲ್ಲಿ ಒಬ್ಬರಿಗೆ ಎಂದು ಅಂದಾಜಿಸುತ್ತಾರೆ. ಆದರೆ ಒಂದು ಕುಟುಂಬಕ್ಕೆ ಬಂದ ಮೇಲೆ ಅಲ್ಲಿ ಅಪರೂಪವಾಗಿ ಉಳಿಯುವುದಿಲ್ಲ, ಏಕೆಂದರೆ ಪ್ರತಿ ಮಗುವಿಗೂ ಅದು ದಾಟುವ ಸಂಭವ ಶೇಕಡಾ 50. ನಿಮ್ಮ ಪತ್ರದಲ್ಲಿಲ್ಲದ ಒಂದು ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಜಿಲ್ಲೆಯ ಕುಟುಂಬಗಳು ಇದನ್ನು ಪದೇಪದೇ ಕೇಳುತ್ತವೆ. ಇದಕ್ಕೂ ಸಂಬಂಧದಲ್ಲಿ ಮದುವೆಯಾಗುವುದಕ್ಕೂ ನಂಟಿಲ್ಲ. ತಂದೆ ಅಥವಾ ತಾಯಿ ಒಬ್ಬರಿಂದ ಬಂದ ಒಂದು ಪ್ರತಿ ಕೆಟ್ಟಿದ್ದರೆ ಸಾಕು, ಕಾಯಿಲೆಗೆ ಅಷ್ಟೇ ಬುನಾದಿ.

ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದು ಸರಿಯಿದೆಯಲ್ಲ, ಮತ್ತೆ ಗಡ್ಡೆ ಏಕೆ ಎಂಬ ಸಂಶಯ ಸಹಜ. ಅಮೆರಿಕದ ವೈದ್ಯ ಆಲ್ಫ್ರೆಡ್ ನುಡ್ಸನ್ 1971ರಲ್ಲಿ ಕಣ್ಣಿನ ಒಂದು ಗಡ್ಡೆಯನ್ನು ಅಧ್ಯಯನ ಮಾಡಿ ಕೊಟ್ಟ ವಿವರಣೆ ಇಲ್ಲಿಯೂ ಸಲ್ಲುತ್ತದೆ. ಹುಟ್ಟಿನಿಂದ ಒಂದು ಪ್ರತಿ ದೋಷಪೂರ್ಣವಾಗಿರುತ್ತದೆ, ಮುಂದೆ ಯಾವುದೋ ಒಂದು ಗ್ರಂಥಿಯ ಯಾವುದೋ ಒಂದು ಜೀವಕೋಶ ತನ್ನ ಸರಿಯಾದ ಪ್ರತಿಯನ್ನೂ ಕಳೆದುಕೊಳ್ಳುತ್ತದೆ, ಆ ಕೋಶದ ಸಂತತಿಯೇ ಗಡ್ಡೆಯಾಗುತ್ತದೆ. ಈ ಸಂಗತಿ ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು. ಗಡ್ಡೆಯ ಕೋಶದೊಳಗೆ ಸಹಜ ಮೆನಿನ್ ಇರುವುದೇ ಇಲ್ಲ, ಅಲ್ಲಿ ಏನಾದರೂ ಉಳಿದಿದ್ದರೆ ಅದು ಮ್ಯುಟೇಶನ್ ಹೊತ್ತ ಮೆನಿನ್ ಮಾತ್ರ. ಆದ್ದರಿಂದ ಆ ಪ್ರೋಟೀನಿನ ಗತಿ ಏನಾಗುತ್ತದೆ ಎಂಬುದು ಮುಖ್ಯವಾಗುತ್ತದೆ.

ಎಂಇಎನ್1 ಜೀನಿನ ಬಹುಪಾಲು ಮ್ಯುಟೇಶನ್‌ಗಳಲ್ಲಿ ಪ್ರೋಟೀನಿನ ಬರವಣಿಗೆ ನಡುವೆಯೇ ತುಂಡಾಗುತ್ತದೆ, ಉಳಿಸಿಕೊಳ್ಳಲು ಅಲ್ಲಿ ಏನೂ ಇರುವುದಿಲ್ಲ. ಸುಮಾರು ಐದರಲ್ಲಿ ಒಂದು ಪಾಲು ಮಾತ್ರ ಮಿಸ್‌ಸೆನ್ಸ್ ಬಗೆಯವು. ಇವುಗಳಲ್ಲಿ ಪ್ರೋಟೀನು ಪೂರ್ತಿ ಉದ್ದಕ್ಕೆ ತಯಾರಾಗುತ್ತದೆ, ಒಂದು ಅಮೈನೊ ಆಮ್ಲದ ಜಾಗದಲ್ಲಿ ಇನ್ನೊಂದು ಕುಳಿತಿರುತ್ತದೆ. ಉದಾಹರಣೆಗೆ, ಹಲವು ಅಧ್ಯಯನಗಳಲ್ಲಿ ಬಳಸಿರುವ ಒಂದು ಮ್ಯುಟೇಶನ್‌ನಲ್ಲಿ 22ನೇ ಸ್ಥಾನದ ಲ್ಯೂಸಿನ್ ಬದಲು ಅರ್ಜಿನಿನ್ ಬಂದಿರುತ್ತದೆ. ಲ್ಯೂಸಿನ್ ನೀರಿನಿಂದ ದೂರವಿರಲು ಬಯಸುವ, ಪ್ರೋಟೀನಿನ ಒಳಮಡಿಕೆಗಳಲ್ಲಿ ಅಡಗುವ ಸ್ವಭಾವದ್ದು. ಅರ್ಜಿನಿನ್ ಧನ ವಿದ್ಯುದಂಶ ಹೊತ್ತ, ನೀರಿನ ಕಡೆಗೆ ಮುಖ ಮಾಡುವ ಸ್ವಭಾವದ್ದು. ಇಂಥ ಅದಲುಬದಲಿನಿಂದ ಸರಪಳಿಯ ಮಡಿಕೆ ಸಡಿಲವಾಗಬಹುದು, ಒಳಗಿರಬೇಕಾದ ಭಾಗಗಳು ಹೊರಕ್ಕೆ ಇಣುಕಬಹುದು.

ಹಾಗೆ ಇಣುಕಿದ ಭಾಗವನ್ನು ಮೊದಲು ಹಿಡಿಯುವುದು ಎಚ್‌ಎಸ್‌ಪಿ70 ಎಂಬ ಪ್ರೋಟೀನು. ಇದು ಮಡಿಕೆ ತಪ್ಪಿದ ಸರಪಳಿಗಳನ್ನು ಹಿಡಿದು ಸರಿಯಾಗಿ ಮಡಚಿಕೊಳ್ಳಲು ಸಮಯ ಕೊಡುವ ಸಹಾಯಕ. ಎಚ್‌ಎಸ್‌ಪಿ70ಯ ಬಾಲದ ತುದಿಗೆ ಬಂದು ಅಂಟಿಕೊಳ್ಳುವ ಇನ್ನೊಂದು ಪ್ರೋಟೀನಿದೆ, ಅದರ ಹೆಸರು ಸಿಎಚ್‌ಐಪಿ, ಮಾತಿನಲ್ಲಿ ಚಿಪ್. ನೀವು ಕೇಳಿದ "ಯಾವ ಕಿಣ್ವ" ಎಂಬ ಪ್ರಶ್ನೆಗೆ ಮೆನಿನ್ ಮಟ್ಟಿಗೆ ಅತ್ಯುತ್ತಮ ಆಧಾರವಿರುವ ಉತ್ತರ ಇದೇ. ಚಿಪ್‌ನ ಒಂದು ಕೊನೆ ಎಚ್‌ಎಸ್‌ಪಿ70ಯನ್ನು ಹಿಡಿಯುತ್ತದೆ, ಇನ್ನೊಂದು ಕೊನೆ ಯುಬಿಕ್ವಿಟಿನ್ ಎಂಬ ಗುರುತುಚೀಟಿಯನ್ನು ಹೊತ್ತು ತರುವ ಕಿಣ್ವವನ್ನು ಹಿಡಿಯುತ್ತದೆ. ಇವೆರಡರ ನಡುವೆ ಸಿಕ್ಕಿಕೊಂಡ ಮೆನಿನ್ ಸರಿಯಾಗಿ ಮಡಚಿಕೊಂಡರೆ ಬಿಡುಗಡೆಯಾಗುತ್ತದೆ, ಮಡಚಿಕೊಳ್ಳಲು ತಡವಾದರೆ ಅದರ ಮೇಲೆ ಚೀಟಿ ಬೀಳುತ್ತದೆ.

ಯುಬಿಕ್ವಿಟಿನ್ ಎಂಬುದು 76 ಅಮೈನೊ ಆಮ್ಲಗಳ ಪುಟ್ಟ ಪ್ರೋಟೀನು. ಅದನ್ನು ಅಂಟಿಸುವ ಕೆಲಸ ಮೂರು ಕೈಗಳಲ್ಲಿ ನಡೆಯುತ್ತದೆ. ಮೊದಲ ಕಿಣ್ವ ಎಟಿಪಿ ಎಂಬ ಕೋಶದ ಇಂಧನದ ಶಕ್ತಿಯನ್ನು ಖರ್ಚುಮಾಡಿ ಯುಬಿಕ್ವಿಟಿನ್ನಿನ ಬಾಲವನ್ನು ಎಚ್ಚರಿಸುತ್ತದೆ, ಎರಡನೆಯದು ಅದನ್ನು ಸಾಗಿಸುತ್ತದೆ, ಮೂರನೆಯದಾದ ಲೈಗೇಸ್ ಕಿಣ್ವ ಯಾವ ಪ್ರೋಟೀನಿನ ಮೇಲೆ ಅಂಟಿಸಬೇಕೆಂಬುದನ್ನು ನಿರ್ಧರಿಸುತ್ತದೆ. ಮನುಷ್ಯ ದೇಹದಲ್ಲಿ ಮೊದಲ ಬಗೆಯ ಕಿಣ್ವಗಳು ಎರಡೇ, ಎರಡನೆಯ ಬಗೆಯವು ಸುಮಾರು ನಲವತ್ತು, ಮೂರನೆಯ ಬಗೆಯವು ಆರುನೂರರ ಆಸುಪಾಸಿನಲ್ಲಿವೆ. ಚಿಪ್ ಈ ಆರುನೂರರಲ್ಲಿ ಒಂದು. ಚೀಟಿಯ ಮೇಲೆ ಚೀಟಿ ಸೇರಿ ಸರಪಳಿಯಾದಾಗ ಪ್ರೋಟಿಯಾಸೋಮ್ ಎಂಬ ಕೊಳವೆಯಾಕಾರದ ಯಂತ್ರ ಅದನ್ನು ಗುರುತಿಸಿ, ಯುಬಿಕ್ವಿಟಿನ್ನನ್ನು ಬಿಡಿಸಿ ಮರುಬಳಕೆಗೆ ಕಳಿಸಿ, ಮೆನಿನ್ನಿನ ಮಡಿಕೆ ಬಿಚ್ಚಿ ಒಳಗೆಳೆದುಕೊಂಡು ಸಣ್ಣಸಣ್ಣ ತುಂಡು ಮಾಡುತ್ತದೆ. ಈ ಇಡೀ ವ್ಯವಸ್ಥೆಯನ್ನು ಬಿಡಿಸಿ ತೋರಿಸಿದ್ದಕ್ಕಾಗಿ ಆರನ್ ಚೆಖನೋವರ್, ಅವ್ರಾಮ್ ಹರ್ಷ್ಕೊ ಮತ್ತು ಇರ್ವಿನ್ ರೋಸ್ ಅವರಿಗೆ 2004ರ ರಸಾಯನಶಾಸ್ತ್ರದ ನೊಬೆಲ್ ಬಂತು. ಮ್ಯುಟೇಶನ್ ಹೊತ್ತ ಮೆನಿನ್ ಇದೇ ದಾರಿಯಲ್ಲಿ ಬೇಗ ನಾಶವಾಗುತ್ತದೆ ಎಂದು ತೋರಿಸಿದ ಅಧ್ಯಯನ ಪ್ರಕಟವಾದದ್ದೂ ಅದೇ ವರ್ಷ.

ಆ ಕಿಣ್ವಗಳು ಹೀಗೇಕೆ ಮಾಡುತ್ತವೆ ಎಂದು ಕೇಳಿದ್ದೀರಿ. ನಿಮ್ಮ ಕಡೆ ಚಾಲಿ ಅಡಿಕೆ ಆರಿಸುವವರು ಸೀಳಿದ್ದನ್ನು, ಸೊಟ್ಟಗಾದದ್ದನ್ನು ಮೇಲ್ನೋಟಕ್ಕೇ ಬೇರೆ ಹಾಕುತ್ತಾರೆ, ಅವುಗಳಲ್ಲಿ ಕೆಲವನ್ನು ಕತ್ತರಿಸಿ ನೋಡಿದರೆ ಒಳಗಿನ ತಿರುಳು ಚೆನ್ನಾಗಿಯೇ ಇರುತ್ತದೆ. ಚಿಪ್ ಮತ್ತು ಎಚ್‌ಎಸ್‌ಪಿ70 ಮಾಡುವುದೂ ಅಂಥದ್ದೇ ತೀರ್ಮಾನ. ಅವು ಪ್ರೋಟೀನಿನ ಆಕಾರವನ್ನು ಪರೀಕ್ಷಿಸುತ್ತವೆ, ಅದರ ಕೆಲಸವನ್ನಲ್ಲ. ಮೆನಿನ್ನಿಗೆ ತನ್ನ ಕೆಲಸ ಮಾಡುವ ಯೋಗ್ಯತೆ ಇನ್ನೂ ಇದೆಯೇ ಎಂದು ಕೇಳುವ ಹಂತ ಆ ವ್ಯವಸ್ಥೆಯಲ್ಲಿ ಇಲ್ಲವೇ ಇಲ್ಲ. ಇದನ್ನು ಕಿಣ್ವಗಳ ದೋಷವೆಂದು ಎಣಿಸಬಾರದು. ಮಡಿಕೆ ತಪ್ಪಿದ ಪ್ರೋಟೀನುಗಳು ಕೋಶದಲ್ಲಿ ಗುಡ್ಡೆಗಟ್ಟಿದರೆ ಅದರಿಂದಲೇ ಬೇರೆ ಕಾಯಿಲೆಗಳು ಹುಟ್ಟುತ್ತವೆ, ನರಕೋಶಗಳಲ್ಲಂತೂ ಅದು ಘೋರ. ಈ ಜಾಗರೂಕತೆ ಇಲ್ಲದೆ ನಾವು ಬದುಕುವಂತಿಲ್ಲ.

ಇದೆಲ್ಲ ಊಹೆಯಲ್ಲ ಎಂದು ತೋರಿಸಲು ಪ್ರಯೋಗಾಲಯದಲ್ಲಿ ಇದನ್ನು ಹೇಗೆ ಅಳೆಯುತ್ತಾರೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ವಿವರಿಸುತ್ತೇನೆ. ತಟ್ಟೆಗಳಲ್ಲಿ ಬೆಳೆಸಿದ ಜೀವಕೋಶಗಳಿಗೆ ಒಂದು ಕಡೆ ಸಹಜ ಮೆನಿನ್ನಿನ ಜೀನನ್ನೂ ಇನ್ನೊಂದು ಕಡೆ ಮ್ಯುಟೇಶನ್ ಇರುವ ಜೀನನ್ನೂ ಸೇರಿಸುತ್ತಾರೆ. ಎರಡರಲ್ಲೂ ಪ್ರೋಟೀನು ತಯಾರಾದ ಮೇಲೆ ಸೈಕ್ಲೋಹೆಕ್ಸಿಮೈಡ್ ಎಂಬ ರಾಸಾಯನಿಕವನ್ನು ಹಾಕುತ್ತಾರೆ. ಆ ಕ್ಷಣದಿಂದ ಕೋಶದಲ್ಲಿ ಹೊಸ ಪ್ರೋಟೀನಿನ ತಯಾರಿಕೆ ನಿಂತುಹೋಗುತ್ತದೆ, ಆದ್ದರಿಂದ ಮುಂದೆ ಕಾಣುವುದು ಈಗಾಗಲೇ ಇದ್ದದ್ದು ಕರಗುವ ವೇಗ ಮಾತ್ರ. ಕೆಲವು ಗಂಟೆಗಳಿಗೊಮ್ಮೆ ಒಂದೊಂದು ತಟ್ಟೆಯ ಕೋಶಗಳನ್ನು ಒಡೆದು, ಪ್ರೋಟೀನುಗಳನ್ನು ಜೆಲ್ಲಿನಲ್ಲಿ ಓಡಿಸಿ, ಮೆನಿನ್ನಿಗೆ ಅಂಟುವ ಪ್ರತಿಕಾಯದಿಂದ ಗುರುತು ಹಚ್ಚುತ್ತಾರೆ. ಸಹಜ ಮೆನಿನ್ನಿನ ಕಪ್ಪು ಪಟ್ಟಿ ಗಂಟೆಗಳು ಕಳೆದರೂ ಗಾಢವಾಗಿಯೇ ಉಳಿದರೆ, ಅನೇಕ ಮಿಸ್‌ಸೆನ್ಸ್ ಮೆನಿನ್‌ಗಳ ಪಟ್ಟಿ ಸಾಲಿನುದ್ದಕ್ಕೆ ಮಾಸುತ್ತ ಹೋಗುತ್ತದೆ. ಈಗ ಇದೇ ಪ್ರಯೋಗವನ್ನು ಪ್ರೋಟಿಯಾಸೋಮನ್ನು ತಡೆಯುವ ಎಂಜಿ132 ಎಂಬ ವಸ್ತುವನ್ನು ಬೆರೆಸಿ ಮಾಡಿದರೆ, ಮಾಸುತ್ತಿದ್ದ ಪಟ್ಟಿ ಮತ್ತೆ ದಟ್ಟವಾಗುತ್ತದೆ. ಪ್ರೋಟೀನು ತಯಾರಾಗುತ್ತಿತ್ತು, ಅದನ್ನು ಪ್ರೋಟಿಯಾಸೋಮ್ ಒಡೆಯುತ್ತಿತ್ತು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ. ಆದರೆ ಎಲ್ಲ ಮಿಸ್‌ಸೆನ್ಸ್ ಮ್ಯುಟೇಶನ್‌ಗಳೂ ಹೀಗೆ ವರ್ತಿಸುವುದಿಲ್ಲ. ಕೆಲವು ಮೆನಿನ್‌ಗಳು ಸಹಜದಷ್ಟೇ ಸ್ಥಿರವಾಗಿದ್ದೂ ತಮ್ಮ ಜೊತೆಗಾರ ಪ್ರೋಟೀನುಗಳನ್ನು ಹಿಡಿಯಲಾರದೆ ಸೋಲುತ್ತವೆ. ಅಂಥವರಿಗೆ ಕಿಣ್ವವನ್ನು ತಡೆದು ಪ್ರಯೋಜನವಿಲ್ಲ.

ಮೆನಿನ್ ಇಲ್ಲವಾದರೆ ಗಡ್ಡೆ ಹೇಗೆ ಹುಟ್ಟುತ್ತದೆ ಎಂಬುದಕ್ಕೂ ಈ ಕಥೆಯಲ್ಲಿ ಒಂದು ಅರ್ಥಪೂರ್ಣ ಕೊಂಡಿ ಇದೆ. ಮೆನಿನ್ ಸ್ವತಃ ಕಿಣ್ವವಲ್ಲ. ಎಂಎಲ್‌ಎಲ್ ಎಂಬ ಕಿಣ್ವವನ್ನು ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನುಗಳ ಬಳಿಗೆ ಕರೆದೊಯ್ದು, ಕೆಲವು ಜೀನುಗಳು ತೆರೆದಿರುವಂತೆ ಗುರುತು ಹಾಕಿಸುವುದು ಅದರ ಮುಖ್ಯ ಕೆಲಸಗಳಲ್ಲೊಂದು. ಹೀಗೆ ತೆರೆದಿರುವ ಜೀನುಗಳಲ್ಲಿ ಪಿ27 ಮತ್ತು ಪಿ18 ಎಂಬ, ಕೋಶ ವಿಭಜನೆಗೆ ಕಡಿವಾಣ ಹಾಕುವ ಎರಡು ಪ್ರೋಟೀನುಗಳವು ಸೇರಿವೆ. ಮೆನಿನ್ ಕಡಿಮೆಯಾದರೆ ಪಿ27 ಕಡಿಮೆಯಾಗುತ್ತದೆ. ಪಿ27ರ ಆಯುಷ್ಯವೂ ಯುಬಿಕ್ವಿಟಿನ್ ವ್ಯವಸ್ಥೆಯ ಕೈಯಲ್ಲೇ ಇದೆ. ಕೋಶ ವಿಭಜನೆಗೆ ಹೊರಟಾಗ ಸಿಡಿಕೆ2 ಎಂಬ ಕಿಣ್ವ ಪಿ27ರ 187ನೇ ಸ್ಥಾನದ ಥ್ರಿಯೊನಿನ್ ಮೇಲೆ ಫಾಸ್ಫೇಟ್ ಅಂಟಿಸುತ್ತದೆ, ಎಸ್‌ಕೆಪಿ2 ಇರುವ ಲೈಗೇಸ್ ಆ ಫಾಸ್ಫೇಟನ್ನು ಗುರುತಿಸಿ ಪಿ27ರ ಮೇಲೆ ಚೀಟಿ ಹಾಕುತ್ತದೆ. ಪಿ27ರ ಜೀನೇ ಹುಟ್ಟಿನಿಂದ ಕೆಟ್ಟಿರುವ ಕುಟುಂಬಗಳಲ್ಲಿ ಮೆನ್-1ನ್ನೇ ಹೋಲುವ ಕಾಯಿಲೆ ಬರುತ್ತದೆ, ಅದನ್ನು ಮೆನ್-4 ಎನ್ನುತ್ತಾರೆ. ಅದು ಮೊದಲು ಬೆಳಕಿಗೆ ಬಂದದ್ದು ಇಲಿಗಳ ಒಂದು ವಂಶದ ಮೂಲಕ, 2006ರಲ್ಲಿ. ಎರಡು ಬೇರೆ ಜೀನುಗಳು ಒಂದೇ ಬಗೆಯ ಕಾಯಿಲೆ ತರುವುದೇಕೆಂದು ಇದರಿಂದ ಬಹುಮಟ್ಟಿಗೆ ಅರ್ಥವಾಗುತ್ತದೆ.

ಇದೇ ನಿಯಮ ಬೇರೆ ಆನುವಂಶಿಕ ಗ್ರಂಥಿ ರೋಗಗಳಲ್ಲೂ ಕಾಣುತ್ತದೆ. ಪಿಟ್ಯುಟರಿ ಗಡ್ಡೆ ಮಾತ್ರ ಬರುವ ಕೆಲವು ಕುಟುಂಬಗಳಲ್ಲಿ ಎಐಪಿ ಎಂಬ ಜೀನು ಕೆಟ್ಟಿರುತ್ತದೆ. ಅಲ್ಲಿಯೂ ಮಿಸ್‌ಸೆನ್ಸ್ ಪ್ರೋಟೀನಿನ ಅಲ್ಪಾಯುಷ್ಯವೇ ಮುಖ್ಯ ಕಾರಣವೆಂದು 2016ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು, ಅದರ ಹಿಂದಿನ ಲೈಗೇಸಿನ ಭಾಗ ಎಫ್‌ಬಿಎಕ್ಸ್‌ಒ3. ಅಡ್ರಿನಲ್ ಗ್ರಂಥಿಯ ಫಿಯೊಕ್ರೋಮೊಸೈಟೋಮ ಎಂಬ ಗಡ್ಡೆಗೆ ಕಾರಣವಾಗುವ ಎಸ್‌ಡಿಎಚ್‌ಬಿ ಪ್ರೋಟೀನಿನಲ್ಲೂ ಹಾಗೆಯೇ. ವಾನ್ ಹಿಪ್ಪೆಲ್-ಲಿಂಡೌ ಕಾಯಿಲೆ ಇವೆಲ್ಲಕ್ಕಿಂತ ವಿಶೇಷವಾದದ್ದು, ಏಕೆಂದರೆ ಅಲ್ಲಿ ಕೆಟ್ಟುಹೋಗಿರುವ ವಿಎಚ್‌ಎಲ್ ಪ್ರೋಟೀನೇ ಒಂದು ಲೈಗೇಸಿನ ಭಾಗ. ಎಚ್‌ಐಎಫ್ ಎಂಬ ಬೆಳವಣಿಗೆ ಪ್ರಚೋದಕದ ಮೇಲೆ ಚೀಟಿ ಹಾಕಿ ಅದನ್ನು ನಾಶಕ್ಕೆ ಒಪ್ಪಿಸುವುದು ವಿಎಚ್‌ಎಲ್‌ನ ಕರ್ತವ್ಯ. ವಿಎಚ್‌ಎಲ್ ಕೆಟ್ಟರೆ ಎಚ್‌ಐಎಫ್ ನಾಶವಾಗದೆ ಉಳಿದು ಗಡ್ಡೆ ಬೆಳೆಸುತ್ತದೆ. ಆ ಕಾಯಿಲೆಗೆ 2021ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಬೆಲ್ಜುಟಿಫ್ಯಾನ್ ಎಂಬ ಮಾತ್ರೆ ವಿಎಚ್‌ಎಲ್‌ನ್ನು ಸರಿಪಡಿಸುವುದಿಲ್ಲ, ಉಳಿದುಬಿಟ್ಟ ಎಚ್‌ಐಎಫ್‌ನ ಒಂದು ರೂಪವನ್ನು ನೇರವಾಗಿ ತಡೆಯುತ್ತದೆ. ಪ್ರೋಟೀನಿನ ಸ್ಥಿರತೆಯನ್ನು ಕುರಿತ ಮೂಲಭೂತ ತಿಳಿವಳಿಕೆ ರೋಗಿಯ ಕೈಗೆ ಮಾತ್ರೆಯಾಗಿ ಬಂದ ಈ ಉದಾಹರಣೆ ನನಗೆ ಬಹಳ ಭರವಸೆ ಕೊಡುತ್ತದೆ.

ಹಾಗಾದರೆ ನಿಮ್ಮ ಕಾಯಿಲೆಗೆ? ಪ್ರೋಟಿಯಾಸೋಮನ್ನು ತಡೆಯುವ ಔಷಧಗಳು ಇವೆ, ಬೊರ್ಟೆಜೊಮಿಬ್ 2003ರಿಂದಲೇ ಮಲ್ಟಿಪಲ್ ಮೈಲೋಮ ಎಂಬ ರಕ್ತದ ಕ್ಯಾನ್ಸರಿಗೆ ಬಳಕೆಯಲ್ಲಿದೆ. ಆದರೆ ಅದು ಮೆನಿನ್ ಒಂದನ್ನೇ ಉಳಿಸುವುದಿಲ್ಲ, ಕೋಶದಲ್ಲಿ ಒಡೆಯಬೇಕಾದ ಸಾವಿರಾರು ಪ್ರೋಟೀನುಗಳು ಒಡೆಯದೆ ಉಳಿಯುವಂತೆ ಮಾಡುತ್ತದೆ. ಕೈಕಾಲಿನ ನರಗಳಿಗೆ ಆಗುವ ಹಾನಿ ಅದರ ಪ್ರಸಿದ್ಧ ದುಷ್ಪರಿಣಾಮ. ದಶಕಗಳ ಕಾಲ ನಿಧಾನವಾಗಿ ನಡೆಯುವ, ಬಹುಪಾಲು ಸೌಮ್ಯ ಗಡ್ಡೆಗಳ ಕಾಯಿಲೆಗೆ ಅಂಥ ಔಷಧವನ್ನು ಜೀವನಪೂರ್ತಿ ಕೊಡುವುದು ನ್ಯಾಯವಲ್ಲ. ಚಿಪ್ ಒಂದನ್ನೇ ತಡೆಯೋಣವೆಂದರೆ, ಅದು ಮೆನಿನ್ನಿನ ಹಾಗೆಯೇ ಮಡಿಕೆ ತಪ್ಪಿದ ಬೇರೆ ಎಷ್ಟೋ ಪ್ರೋಟೀನುಗಳನ್ನು ವಿಲೇವಾರಿ ಮಾಡುತ್ತಿರುತ್ತದೆ.

ಇನ್ನೂ ಎರಡು ದಾರಿಗಳಿವೆ. ಅಂಟಿಸಿದ ಚೀಟಿಯನ್ನು ಕಿತ್ತುಹಾಕುವ ಡಿಯುಬಿಕ್ವಿಟಿನೇಸ್ ಕಿಣ್ವಗಳು ನಮ್ಮಲ್ಲಿ ನೂರರಷ್ಟಿವೆ. ಒಂದು ನಿರ್ದಿಷ್ಟ ಪ್ರೋಟೀನಿನ ಮೇಲಿನ ಚೀಟಿಯನ್ನು ಮಾತ್ರ ತೆಗೆಸಲು ಸಾಧ್ಯವೇ ಎಂದು ಸಂಶೋಧಕರು ಯತ್ನಿಸುತ್ತಿದ್ದಾರೆ. ಇನ್ನೊಂದು, ಮಡಿಕೆ ಸಡಿಲವಾದ ಪ್ರೋಟೀನಿಗೇ ಅಂಟಿ ಅದನ್ನು ಗಟ್ಟಿಗೊಳಿಸುವ ಚಿಕ್ಕ ಅಣುಗಳು, ಹಾಗಾದಾಗ ಚಿಪ್‌ಗೆ ಅದು ಕಣ್ಣಿಗೆ ಬೀಳುವುದೇ ಇಲ್ಲ. ಇದು ಕನಸಲ್ಲ ಎನ್ನಲು ಸಿಸ್ಟಿಕ್ ಫೈಬ್ರೋಸಿಸ್ ಎಂಬ ಶ್ವಾಸಕೋಶದ ಆನುವಂಶಿಕ ಕಾಯಿಲೆಯೇ ಸಾಕ್ಷಿ. ಅಲ್ಲಿ ಬಹುತೇಕ ರೋಗಿಗಳ ಸಿಎಫ್‌ಟಿಆರ್ ಪ್ರೋಟೀನು ಮಡಿಕೆ ತಪ್ಪಿ ನಾಶವಾಗುತ್ತದೆ, ಆ ನಾಶದಲ್ಲಿ ಚಿಪ್‌ನ ಪಾಲೂ ಇದೆ, ಅದನ್ನು ಗಟ್ಟಿಗೊಳಿಸುವ ಅಣುಗಳಿರುವ ಮೂರು ಔಷಧಗಳ ಮಿಶ್ರಣ 2019ರಲ್ಲಿ ಬಂದು ಸಾವಿರಾರು ಯುವಕರ ಬದುಕನ್ನು ಬದಲಿಸಿತು. ಮೆನಿನ್ನಿಗೆ ಅಂಥ ಮಾತ್ರೆ ಇಂದು ಆಸ್ಪತ್ರೆಗಳಲ್ಲಿ ಇಲ್ಲ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಮೊಬೈಲಿನಲ್ಲಿ ಹುಡುಕಿದರೆ "ಮೆನಿನ್ ಇನ್‌ಹಿಬಿಟರ್" ಎಂಬ ಔಷಧಗಳು ನಿಮಗೆ ಸಿಗುತ್ತವೆ. ರೆವ್ಯುಮೆನಿಬ್ ಎಂಬುದಕ್ಕೆ 2024ರಲ್ಲಿ ಅಮೆರಿಕದಲ್ಲಿ ಅನುಮತಿಯೂ ಸಿಕ್ಕಿದೆ. ಅವು ನಿಮಗಾಗಿ ಅಲ್ಲ. ಕೆಲವು ಬಗೆಯ ಲ್ಯುಕೇಮಿಯಾದಲ್ಲಿ ವಿಕೃತ ಎಂಎಲ್‌ಎಲ್ ಪ್ರೋಟೀನು ಮೆನಿನ್ನಿನ ನೆರವಿನಿಂದಲೇ ರೋಗವನ್ನು ಬೆಳೆಸುತ್ತದೆ, ಅಲ್ಲಿ ಮೆನಿನ್ನನ್ನು ತಡೆಯಬೇಕು. ನಿಮ್ಮಲ್ಲಿ ಕೊರತೆಯಿರುವುದೇ ಮೆನಿನ್ನಿನದು. ಹೆಸರು ಒಂದೇ ಎಂದು ಯಾರಾದರೂ ಸೂಚಿಸಿದರೆ ಒಪ್ಪಬೇಡಿ. ಹಾಗೆಯೇ ಅರಿಶಿನ, ಕಷಾಯ, ನಾರುಬೇರುಗಳಿಂದ ಈ ಕಿಣ್ವಗಳನ್ನು ಬೇಕಾದಂತೆ ತಿರುಗಿಸಬಹುದೆಂಬ ಮಾತಿಗೆ ರೋಗಿಗಳಲ್ಲಿ ಆಧಾರವಿಲ್ಲ.

ಒಂದೇ ಅಕ್ಷರದ ವ್ಯತ್ಯಾಸವಾದ್ದರಿಂದ ಸೌಮ್ಯವೇ ಎಂಬ ಪ್ರಶ್ನೆಗೆ ಉತ್ತರ, ಅಲ್ಲ. ಪ್ರೋಟೀನು ಅರ್ಧಕ್ಕೆ ತುಂಡಾದವರಿಗೂ ಮಿಸ್‌ಸೆನ್ಸ್ ಇರುವವರಿಗೂ ಕಾಯಿಲೆಯ ತೀವ್ರತೆಯಲ್ಲಿ ನಂಬಲರ್ಹವಾದ ವ್ಯತ್ಯಾಸ ಇದುವರೆಗೆ ಸ್ಥಾಪಿತವಾಗಿಲ್ಲ. ಒಂದೇ ಮ್ಯುಟೇಶನ್ ಹೊತ್ತ ಅಣ್ಣತಮ್ಮಂದಿರಲ್ಲೇ ಒಬ್ಬರಿಗೆ ಕಿಡ್ನಿ ಕಲ್ಲು, ಇನ್ನೊಬ್ಬರಿಗೆ ಮೇದೋಜೀರಕದ ಗಡ್ಡೆ ಬರುತ್ತದೆ. 50ನೇ ವಯಸ್ಸಿನೊಳಗೆ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಜನರಿಗೆ ಪ್ಯಾರಾಥೈರಾಯ್ಡ್ ತೊಂದರೆ ಬಂದೇ ಬರುತ್ತದೆ. ಆದ್ದರಿಂದ ನೀವು ಆರೋಗ್ಯವಾಗಿದ್ದೀರಿ ಎನಿಸಿದರೂ ವರ್ಷಕ್ಕೊಮ್ಮೆ ಕ್ಯಾಲ್ಸಿಯಂ ಮತ್ತು ಪಿಟಿಎಚ್ (ಪ್ಯಾರಾಥೈರಾಯ್ಡ್ ಹಾರ್ಮೋನು) ನೋಡಿಸಲೇಬೇಕು, ಪಿಟ್ಯುಟರಿ ಮತ್ತು ಮೇದೋಜೀರಕದ ತಪಾಸಣೆಯ ವೇಳಾಪಟ್ಟಿಯನ್ನು ಎಂಡೋಕ್ರಿನಾಲಜಿಸ್ಟ್ (ಹಾರ್ಮೋನು ಗ್ರಂಥಿಗಳ ತಜ್ಞರು) ಬಳಿ ಬರೆಸಿಕೊಳ್ಳಬೇಕು.

ಆ ಪರೀಕ್ಷೆಯ ಬಗ್ಗೆ ಒಂದು ವಿವರ, ಏಕೆಂದರೆ ನಮ್ಮ ಜಿಲ್ಲೆಯಲ್ಲಿ ಇದು ನಿಜವಾಗಿಯೂ ಮುಖ್ಯವಾಗುತ್ತದೆ. ಪಿಟಿಎಚ್ ಕೂಡ ಒಂದು ಸಣ್ಣ ಪ್ರೋಟೀನು, ರಕ್ತ ತೆಗೆದ ಮೇಲೂ ಕೊಳವೆಯೊಳಗಿನ ಕಿಣ್ವಗಳು ಅದನ್ನು ಒಡೆಯುತ್ತಿರುತ್ತವೆ. ಶಿರಸಿಯಲ್ಲೋ ಅಂಕೋಲೆಯಲ್ಲೋ ತೆಗೆದ ರಕ್ತ ಹುಬ್ಬಳ್ಳಿಗೋ ಮಂಗಳೂರಿಗೋ ಹೋಗಿ ಪರೀಕ್ಷೆಯಾಗುವಾಗ, ಅದರಲ್ಲೂ ಮಳೆಗಾಲದಲ್ಲಿ ಘಟ್ಟದ ರಸ್ತೆ ತಡವಾದಾಗ, ಫಲಿತಾಂಶ ಇರುವುದಕ್ಕಿಂತ ಕಡಿಮೆ ತೋರಬಹುದು. ಇಡಿಟಿಎ ಇರುವ ನೇರಳೆ ಮುಚ್ಚಳದ ಕೊಳವೆಯಲ್ಲಿ ಪಿಟಿಎಚ್ ಹೆಚ್ಚು ಹೊತ್ತು ಉಳಿಯುತ್ತದೆ, ಬೇಗ ಪ್ಲಾಸ್ಮಾ ಬೇರ್ಪಡಿಸಿ ತಂಪಿನಲ್ಲಿ ಕಳಿಸಿದರೆ ಇನ್ನೂ ಒಳ್ಳೆಯದು. ಆದರೆ ಕ್ಯಾಲ್ಸಿಯಂ ಪರೀಕ್ಷೆಯ ರಕ್ತವನ್ನು ಆ ಕೊಳವೆಗೆ ಹಾಕಲೇಬಾರದು, ಇಡಿಟಿಎ ಕ್ಯಾಲ್ಸಿಯಮನ್ನು ಹಿಡಿದಿಟ್ಟುಕೊಂಡು ಸುಳ್ಳು ಫಲಿತಾಂಶ ಕೊಡುತ್ತದೆ. ಎರಡನ್ನೂ ಒಂದೇ ಹೊತ್ತಿಗೆ, ಬೇರೆ ಬೇರೆ ಕೊಳವೆಗಳಲ್ಲಿ ತೆಗೆಸಿ. ಕ್ಯಾಲ್ಸಿಯಂ ಹೆಚ್ಚಿದ್ದು ಪಿಟಿಎಚ್ "ನಾರ್ಮಲ್" ಎಂದು ಬಂದರೂ ಸಮಾಧಾನಪಡಬೇಡಿ. ಕ್ಯಾಲ್ಸಿಯಂ ಏರಿದಾಗ ಪಿಟಿಎಚ್ ಇಳಿಯಬೇಕು, ಇಳಿಯದಿದ್ದರೆ ದೋಷ ಪ್ಯಾರಾಥೈರಾಯ್ಡಿನಲ್ಲೇ ಇದೆಯೆಂದು ಶಂಕಿಸಬೇಕು. ಮಂಡಿನೋವಿಗೆಂದು ಮೆಡಿಕಲ್ ಅಂಗಡಿಯಿಂದ ತಾವೇ ಕೊಂಡು ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆ ನುಂಗುವ ರೂಢಿ ನಿಮ್ಮ ಮನೆಯಲ್ಲಿದ್ದರೆ ಇಂದೇ ನಿಲ್ಲಿಸಿ, ವೈದ್ಯರನ್ನು ಕೇಳಿ.

ತಂದೆಯವರ ಕ್ಯಾಲ್ಸಿಯಂ ಮತ್ತೆ ಏರಿದ್ದಕ್ಕೂ ವಿವರಣೆ ಇಲ್ಲಿಯೇ ಇದೆ. ಕಾಯಿಲೆ ಆನುವಂಶಿಕವಾಗಿಲ್ಲದವರಲ್ಲಿ ಸಾಮಾನ್ಯವಾಗಿ ಒಂದೇ ಗ್ರಂಥಿ ಊದಿರುತ್ತದೆ, ಅದನ್ನು ತೆಗೆದರೆ ಮುಗಿಯಿತು. ಮೆನ್-1ರಲ್ಲಿ ನಾಲ್ಕೂ ಗ್ರಂಥಿಗಳ ಕೋಶಗಳು ಅದೇ ಮ್ಯುಟೇಶನ್ ಹೊತ್ತಿರುವುದರಿಂದ ಉಳಿದವು ಒಂದೊಂದಾಗಿ ಬೆಳೆಯುತ್ತವೆ, ಹಾಗಾಗಿ ಮೂರು ಅಥವಾ ಮೂರೂವರೆ ಗ್ರಂಥಿ ತೆಗೆಯುವುದು ಈಗಿನ ರೂಢಿ. ಎರಡನೆಯ ಶಸ್ತ್ರಚಿಕಿತ್ಸೆಗೆ ಮಣಿಪಾಲ, ಹುಬ್ಬಳ್ಳಿ ಅಥವಾ ಗೋವಾ ಎಲ್ಲಿಗೇ ಹೋದರೂ ಜೀನ್ ವರದಿಯನ್ನು ಶಸ್ತ್ರಚಿಕಿತ್ಸಕರಿಗೆ ಮೊದಲೇ ತೋರಿಸಿ, ಇಂಥ ಶಸ್ತ್ರಚಿಕಿತ್ಸೆಗಳನ್ನು ಹೆಚ್ಚಾಗಿ ಮಾಡುವವರನ್ನೇ ಆರಿಸಿಕೊಳ್ಳಿ.

ಮಗಳಿಗೆ ಜೀನ್ ಪರೀಕ್ಷೆ ಈಗಲೇ ಮಾಡಿಸುವುದು ಸರಿ. ನಿಮ್ಮ ಕುಟುಂಬದ ಮ್ಯುಟೇಶನ್ ಯಾವುದೆಂದು ಗೊತ್ತಿರುವುದರಿಂದ ಆ ಒಂದು ಸ್ಥಾನವನ್ನು ಮಾತ್ರ ನೋಡಿದರೆ ಸಾಕು, ಖರ್ಚೂ ಕಡಿಮೆ. ಇಲ್ಲವೆಂದು ಬಂದರೆ ಜೀವನಪೂರ್ತಿ ತಪಾಸಣೆಯಿಂದ ಅವಳು ಮುಕ್ತಳು. ಇದೆಯೆಂದು ಬಂದರೆ, 2012ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಕ್ಯಾಲ್ಸಿಯಂ ಪರೀಕ್ಷೆ 8ನೇ ವಯಸ್ಸಿನಿಂದ ಪ್ರತಿ ವರ್ಷ ಆಗಬೇಕು, ಪಿಟ್ಯುಟರಿ ಹಾರ್ಮೋನುಗಳದ್ದು ಅದಕ್ಕೂ ಮುಂಚೆ. ಮದುವೆಯ ಮಾತಿಗೆ ಅಡ್ಡಿಯಾದೀತೆಂಬ ಅಂಜಿಕೆಯಿಂದ ಹೆಣ್ಣುಮಕ್ಕಳ ಪರೀಕ್ಷೆಯನ್ನು ಮುಂದೂಡುವ ಮನೆಗಳನ್ನು ನಾನು ಕಂಡಿದ್ದೇನೆ. ವರದಿಯನ್ನು ಯಾರಿಗೂ ತೋರಿಸಬೇಕಾಗಿಲ್ಲ, ಆದರೆ ಮುಂದೂಡಿದ ವರ್ಷಗಳಲ್ಲಿ ಮೂಳೆ ಸವೆಯುತ್ತದೆ, ಕಿಡ್ನಿಯಲ್ಲಿ ಕಲ್ಲು ಕಟ್ಟುತ್ತದೆ.

ಚಿಕ್ಕಪ್ಪನ ಮಗನ ವರದಿಯಲ್ಲಿ ಮೊದಲು ನೋಡಬೇಕಾದದ್ದು ಆ ವ್ಯತ್ಯಾಸ ನಿಮ್ಮದೇ ಸ್ಥಾನದಲ್ಲಿದೆಯೇ ಎಂಬುದು. ಎರಡೂ ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹೋಲಿಸಿ. ಅದೇ ಆಗಿದ್ದರೆ, ಕಾಯಿಲೆ ಬಂದಿರುವ ನಿಮ್ಮ ತಂದೆ ಮತ್ತು ಅಕ್ಕನಲ್ಲಿಯೂ ಅದೇ ವ್ಯತ್ಯಾಸ ಕಂಡುಬಂದಿದೆ ಎಂಬ ಮಾಹಿತಿಯನ್ನು ಅವರ ಪ್ರಯೋಗಾಲಯಕ್ಕೆ ಲಿಖಿತವಾಗಿ ಕೊಡಬೇಕು. ವ್ಯತ್ಯಾಸವೊಂದನ್ನು ರೋಗಕಾರಕವೆಂದು ತೀರ್ಮಾನಿಸಲು ಇಂಥ ಕುಟುಂಬದ ಸಾಕ್ಷ್ಯ ಬಹಳ ತೂಕದ್ದು. ಬೇರೆ ಸ್ಥಾನದಲ್ಲಿದ್ದರೆ ಅದನ್ನು ಕಾಯಿಲೆ ಎಂದೂ ಅಲ್ಲವೆಂದೂ ಈಗ ಹೇಳುವಂತಿಲ್ಲ, ಅದರ ಆಧಾರದ ಮೇಲೆ ಅವರ ಮಕ್ಕಳನ್ನು ಪರೀಕ್ಷಿಸುವುದೂ ಸಲ್ಲದು. ಆಗ ಅವರಿಗೆ ನಿಮ್ಮ ಕುಟುಂಬದ ಮ್ಯುಟೇಶನ್ ಇದೆಯೇ ಇಲ್ಲವೇ ಎಂಬುದನ್ನು ಪ್ರತ್ಯೇಕವಾಗಿ ಖಚಿತಪಡಿಸಿಕೊಂಡು, ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಿಡಲಿ. ಪ್ರೋಟೀನಿನ ಪಟ್ಟಿ ಎಷ್ಟು ಬೇಗ ಮಾಸುತ್ತದೆ ಎಂದು ನೋಡುವ ಮೇಲೆ ವಿವರಿಸಿದ ಪ್ರಯೋಗ ಇಂದು ನೇರವಾಗಿ ಉಪಯೋಗಕ್ಕೆ ಬರುವುದು ಇಂಥ ಕಡೆಯಲ್ಲೇ. ಹೊಸ ಅಧ್ಯಯನಗಳು ಬಂದಂತೆ ಪ್ರಯೋಗಾಲಯಗಳು ಹಳೆಯ ವ್ಯತ್ಯಾಸಗಳನ್ನು ಮರುವರ್ಗೀಕರಿಸುತ್ತವೆ, ಆದರೆ ಕೇಳದೆ ತಾವಾಗಿ ತಿಳಿಸುವುದು ಕಡಿಮೆ. ಒಂದೆರಡು ವರ್ಷಗಳಿಗೊಮ್ಮೆ ವರದಿಯ ಸಂಖ್ಯೆ ಹಿಡಿದು ಅವರೇ ವಿಚಾರಿಸಲಿ.